ಅರಳುಮರಳೆಂದು ನಕ್ಕು ಬಿಡಬೇಡಿ

ಸಕ್ಕರೆ ಕಟ್ಟಿಸಿಕೊಂಡು ಹೋದ ಪ್ರಾಯಸ್ಥರು ಅರ್ಧ ಗಂಟೆಯಲ್ಲೇ ವಾಪಾಸು ಬಂದು ಮತ್ತೆ ಸಕ್ಕರೆ ಕೇಳುವುದು ಕುಂದಾಪುರ ಪೇಟೆಯ ಅಂಗಡಿಯವರಿಗೆ ಹೊಸತಲ್ಲ. ಕೋಟೇಶ್ವರದಲ್ಲಿ ಇಳಿಯಬೇಕಾದವರು ಸಾಲಿಗ್ರಾಮ ದಾಟಿದರೂ ಸುಮ್ಮನೆ ಕೂತಿರುವುದನ್ನು ಕಂಡಕ್ಟರುಗಳೂ ಕಂಡಿದ್ದಾರೆ. ‘ಪ್ರಾಯ ಆಯ್ತಲ್ದಾ ಮಾರಾಯ್ರೆ, ಅರಳುಮರಳು’ ಎಂದು ಎಲ್ಲರೂ ನಗುತ್ತಾರೆ. ಆ ನಗುವಿನಲ್ಲೇ ಮದ್ದು ಮಾಡುವ ಹೊತ್ತು ಮೀರಿ ಹೋಗುತ್ತದೆ.

ಬಾಕಿ ಚೀಟಿ ಎಲ್ಲಿಟ್ಟೆನೆಂದು ತಡಕಾಡುವುದು ಬೇರೆ, ಬಾಕಿ ಲೆಕ್ಕ ಕೂಡಿಸಲೇ ಬಾರದಾಗುವುದು ಬೇರೆ. ಎರಡನೆಯದಕ್ಕೆ ಕಾರಣ ಹುಡುಕಲೇಬೇಕು. ಬಿ-12 ಜೀವಸತ್ವ ಕಡಿಮೆಯಾದರೆ ಮರೆವು ಬರುತ್ತದೆ. ಮೀನು ಮಾಂಸ ಮುಟ್ಟದವರಲ್ಲಿ ಈ ಕೊರತೆ ಹೆಚ್ಚು. ಥೈರಾಯ್ಡ್ ಕುಂದಿದರೂ, ನಿದ್ರೆ ಮಾತ್ರೆ ಜಾಸ್ತಿಯಾದರೂ, ವರ್ಷಗಟ್ಟಲೆ ಕುಡಿದರೂ ಅಷ್ಟೆ. ಮನಸ್ಸಿನ ಖಿನ್ನತೆಯೂ ಮರೆವಿನ ವೇಷದಲ್ಲಿ ಬರುವುದುಂಟು. ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ತಲೆಗೆ ಪೆಟ್ಟಾದವರ ಕತೆ ಇನ್ನೂ ಬೇರೆ. ಆ ದಿನ ಏನೂ ಕಾಣುವುದಿಲ್ಲ. ಮಿದುಳಿನ ಮೇಲೆ ನಿಧಾನ ರಕ್ತ ಕಟ್ಟಿ, ವಾರಗಳ ನಂತರ ಮಾತು ತಡವರಿಸುತ್ತದೆ, ನಡಿಗೆ ಓಲಾಡುತ್ತದೆ. ಬಿದ್ದದ್ದು ಮನೆಯವರಿಗೇ ಮರೆತಿರುತ್ತದೆ! ಸ್ಕ್ಯಾನಿಂಗಿನಲ್ಲಿ ಸಿಕ್ಕಿದರೆ ಆಪರೇಶನ್ ಮಾಡಿ ತೆಗೆಯಬಹುದು. ಎರಡೇ ದಿನದಲ್ಲಿ ಗಲಿಬಿಲಿ ಶುರುವಾದರಂತೂ ಮೂತ್ರದ ಸೋಂಕೋ ಸೋಡಿಯಂ ಇಳಿದದ್ದೋ ಇರಬಹುದು. ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಪೂರ್ತಿ ವಾಸಿಯಾಗದ್ದೂ ಇದೆ. 1906ರಲ್ಲಿ ಜರ್ಮನಿಯ ವೈದ್ಯ ಅಲ್ಜೈಮರ್ ವಿವರಿಸಿದ ಕಾಯಿಲೆ ಅದು. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಅದನ್ನು ಮನೆಮನೆಗೆ ಪರಿಚಯಿಸಿದರು. ದೇಶದಲ್ಲಿ 60 ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಇಂಥ ಮರೆಗುಳಿ ರೋಗಗಳಿವೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಬೇಗ ತಿಳಿದರೆ ಆಸ್ತಿ, ಬ್ಯಾಂಕಿನ ಕೆಲಸ ನೇರ್ಪುಗೊಳಿಸಲು ಸಮಯವಾದರೂ ಸಿಗುತ್ತದೆ. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವಾಗ ಮಾತ್ರ ‘ಅಜ್ಜನ ಬುದ್ಧಿ ಸಮಾ ಇತ್ತ್’ ಎನ್ನುವ ಬಂಧುಗಳಿಗೇನೂ ಕೊರತೆಯಿಲ್ಲ.

ಮಕ್ಕಳು ಬೆಂಗಳೂರು, ಮುಂಬಯಿಯ ಹೋಟೆಲುಗಳಲ್ಲಿ. ಫೋನಿನಲ್ಲಿ ನಾಲ್ಕು ಮಾತಾಡಿದರೆ ಅಮ್ಮ ಸರಿಯೇ ಇದ್ದಾರೆ ಅನ್ನಿಸುತ್ತದೆ. ಬೈಂದೂರಿನ ಒಳಗಿನ ಹಳ್ಳಿಯಿಂದ ಮಣಿಪಾಲಕ್ಕೆ ಹೋಗಿ ಬರುವುದೆಂದರೆ ಇಡೀ ದಿನದ ಕೆಲಸ, ಜೊತೆಗೆ ಬರುವವರ ಸಂಬಳವೂ ಹೋಯಿತು. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸುವ ‘ಮನೋಚೈತನ್ಯ’ ಯೋಜನೆಯನ್ನು ರಾಜ್ಯ ಸರಕಾರ 2014ರಲ್ಲಿ ತಂದಿತು. ‘ಅದು ಹುಚ್ಚಿನ ಡಾಕ್ಟ್ರು’ ಎಂದು ಹಿಂಜರಿಯುವವರೇ ಜಾಸ್ತಿ. ಮರೆವಿನ ತಪಾಸಣೆಗೂ ಒಂದು ದಿನ ಗೊತ್ತು ಮಾಡಿ, ಬಿ-12, ಥೈರಾಯ್ಡ್, ಸೋಡಿಯಂ ಪರೀಕ್ಷೆ ಅಲ್ಲೇ ಆಗುವಂತೆ ಮಾಡಿ, ಏಳೂ ತಾಲೂಕುಗಳ ಬಸ್ ನಿಲ್ದಾಣದಲ್ಲಿ ಬೋರ್ಡು ಹಾಕಿಸುವುದು ಜಿಲ್ಲಾ ಆರೋಗ್ಯ ಇಲಾಖೆಗೆ ಭಾರವಾಗಲಾರದು. ಅಲ್ಲಿಯವರೆಗೆ, ಎರಡನೇ ಸಲ ಸಕ್ಕರೆಗೆ ಬಂದವರ ಮನೆಗೆ ಅಂಗಡಿಯವರು ಒಂದು ಮಾತು ಮುಟ್ಟಿಸಲಿ.