ತಿದ್ದುವವರಿಲ್ಲದ ವಿದ್ಯೆ

ಬೊಂಬೆಚಿತ್ರಗಳಿಗೆ ನಡೆನುಡಿ ಕೊಡುವ ಅನಿಮೇಷನ್ ವಿದ್ಯೆಯನ್ನು ಆನ್‌ಲೈನಿನಲ್ಲಿ ಕಲಿಸುವೆವೆಂಬ ಜಾಹೀರಾತುಗಳಿಗೆ ನಮ್ಮ ಹೋಟೆಲು ಹುಡುಗರೂ ಗುಮಾಸ್ತರೂ ಮನಸೋಲುತ್ತಿರುವರು. ಆಸೆ ತಪ್ಪಲ್ಲ. ಹಗಲು ದುಡಿದು ಮುಂಬಯಿಯ ರಾತ್ರಿಶಾಲೆಗಳಲ್ಲಿ ಓದಿಯೇ ನಮ್ಮವರನೇಕರು ಮೇಲೆ ಬಂದರು. ಆದರೆ ಅಲ್ಲಿ ತಪ್ಪನ್ನು ತಿದ್ದಲು ಮಾಸ್ತರರಿದ್ದರು. ಇಲ್ಲಿ ತಿದ್ದುವವರು ಯಾರು? ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಈ ವಿದ್ಯೆಯ ಮೊದಲ ಪಾಠ ಪುಟಿಯುವ ಚೆಂಡು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಸಾಗುತ್ತವೆ. ಚೆಂಡು ನೆಲಕ್ಕೆ ಸಮೀಪಿಸಿದಂತೆ ಒಂದು ಚಿತ್ರದಿಂದ ಮುಂದಿನದಕ್ಕೆ ಅದು ಸರಿಯುವ ದೂರ ಹೆಚ್ಚಬೇಕು, ಮೇಲೇರಿದಂತೆ ಕುಗ್ಗಬೇಕು. ಇಲ್ಲವಾದರೆ ಚೆಂಡಿಗೆ ತೂಕವೇ ಬಾರದು. ಈ ದೋಷ ಹೊಸಬನಿಗೆ ಕಾಣದು, ಪಳಗಿದವನಿಗೆ ಒಡನೆ ಕಾಣುವುದು. 2005ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಅನಿಮೇಷನ್ ಮೆಂಟರ್' ಎಂಬ ಆನ್‌ಲೈನ್ ಶಾಲೆ ಹೆಸರಾದುದು, ಸ್ಟುಡಿಯೋಗಳಲ್ಲಿ ದುಡಿಯುವ ಕಲಾವಿದರಿಂದಲೇ ಶಿಷ್ಯರ ಅಭ್ಯಾಸವನ್ನು ತಿದ್ದಿಸಿದುದರಿಂದ.

'ಬ್ಲೆಂಡರ್' ತಂತ್ರಾಂಶ ಉಚಿತ. ಯೂಟ್ಯೂಬಿನಲ್ಲಿ ಪಾಠಗಳೂ ಉಚಿತ. ಸ್ಟುಡಿಯೋದವರು ನೋಡುವುದು ಪ್ರಮಾಣಪತ್ರಕ್ಕಿಂತ ಮಾಡಿದ ಕೆಲಸವನ್ನು. ಆದುದರಿಂದ ಬೆಲೆ ಕೊಡತಕ್ಕದ್ದು ತಿದ್ದುವ ಕಣ್ಣಿಗೆ. ತರುಣರು ಮೊದಲು ಖರ್ಚಿಲ್ಲದೆ ಒಂದು ಚೆಂಡನ್ನು ಪುಟಿಸಿ ನೋಡಲಿ. ತಿಂಗಳಾದರೂ ಬೇಸರ ಬಾರದಿದ್ದರೆ ಗುರುವನ್ನು ಹುಡುಕಲಿ. ಅದಕ್ಕೆ ಮುನ್ನ ಸಾಲ ಮಾಡುವುದು ಬೇಡ.