ಗಂಟಲು ನೋವು ವಾಸಿಯಾದ ಮೇಲೆ ರಕ್ತ ಪರೀಕ್ಷೆ ಬೇಕೇ?

ಇಂಗ್ಲೆಂಡಿನಲ್ಲಿ ಶಾಲೆಗಳಿಗೆ ದೊಡ್ಡ ರಜೆ ಶುರುವಾಗುವುದು ಜುಲೈ ಕೊನೆಗೆ. ಕಳೆದ ಸಲ ಊರಿಗೆ ಹೊರಡಲು ಮೂರು ವಾರ ಇರುವಾಗ ನಮ್ಮ ಎಂಟು ವರ್ಷದ ಮಗಳಿಗೆ ಸ್ಕಾರ್ಲೆಟ್ ಫೀವರ್ ಬಂತು. ಜ್ವರ, ನುಂಗಲಾಗದಷ್ಟು ಗಂಟಲು ನೋವು, ಕೈಯಾಡಿಸಿದರೆ ಮರಳುಕಾಗದದಂತೆ ಒರಟಾಗಿ ಸಿಗುವ ಕೆಂಪು ದದ್ದು. ನಮ್ಮ ಜಿಪಿ ನೋಡಿದವರೇ ಇದು ಸ್ಟ್ರೆಪ್ ಬ್ಯಾಕ್ಟೀರಿಯಾ ಸೋಂಕು ಎಂದು 10 ದಿನದ ಪೆನಿಸಿಲಿನ್ ಬರೆದುಕೊಟ್ಟರು. ಔಷಧಿ ಶುರುವಾಗಿ 24 ಗಂಟೆ ಕಳೆದ ಮೇಲೆ ಹುಷಾರಾಗಿದ್ದರೆ ಶಾಲೆಗೆ ಕಳಿಸಬಹುದು ಎಂದರು. ರಕ್ತ ತೆಗೆಯಲಿಲ್ಲ, ಮತ್ತೆ ಬಂದು ತೋರಿಸಿ ಎನ್ನಲೂ ಇಲ್ಲ.

ಮೈಸೂರಿಗೆ ಹೋದಾಗ ಅವಳ ತಾತನಿಗೆ ಇದು ಒಪ್ಪಿಗೆಯಾಗಲಿಲ್ಲ. "ಬ್ಲಡ್ ಟೆಸ್ಟೂ ಮಾಡದೆ ಹೇಗಪ್ಪ ವಾಸಿಯಾಯ್ತು ಅಂದ್ರು? ಇಲ್ಲೇ ಒಂದ್ಸಲ ನೋಡಿಸಿಬಿಡೋಣ" ಎಂದರು. ಹಿರಿಯರ ಮಾತು, ಕೆಲವು ನೂರು ರೂಪಾಯಿಯ ವಿಷಯ, ಬೇಡ ಎನ್ನಲು ನಮಗೂ ಕಾರಣ ತೋಚಲಿಲ್ಲ. ಸಂಜೆ ಮೊಬೈಲಿಗೆ ರಿಪೋರ್ಟ್ ಬಂತು. ಎಎಸ್‌ಒ 420, ಪಕ್ಕದಲ್ಲಿ "200ರ ಒಳಗಿರಬೇಕು" ಎಂಬ ಸಾಲು, 420 ಮಾತ್ರ ದಪ್ಪ ಅಕ್ಷರದಲ್ಲಿ. ರಿಪೋರ್ಟ್ ತೋರಿಸಲು ಹೋದಲ್ಲಿ ವೈದ್ಯರು ಮಗುವಿನ ಎದೆಗೆ ಸ್ಟೆತೊಸ್ಕೋಪ್ ಕೂಡ ಇಡದೆ, ಹೃದಯಕ್ಕೆ ತೊಂದರೆಯಾಗಬಾರದು ಎಂದರೆ 21 ದಿನಕ್ಕೊಂದು ಪೆನಿಸಿಲಿನ್ ಇಂಜೆಕ್ಷನ್ ಐದು ವರ್ಷ ಕೊಡಿಸಬೇಕು ಎಂದರು.

ಲೆಕ್ಕಪತ್ರವೇ ಹೊಟ್ಟೆಪಾಡಾದ ನಮಗೆ ಅಲ್ಲೇ ಮನಸ್ಸಿನಲ್ಲಿ ಲೆಕ್ಕ ಓಡಿತು. ಐದು ವರ್ಷಕ್ಕೆ ಸುಮಾರು 87 ಇಂಜೆಕ್ಷನ್. ಬೆಂಜಥೀನ್ ಪೆನಿಸಿಲಿನ್ ಎಂದರೆ ಮಾಂಸಖಂಡಕ್ಕೆ ಆಳವಾಗಿ ಚುಚ್ಚುವ, ದೊಡ್ಡವರೂ ಹಲ್ಲುಕಚ್ಚುವ ಸೂಜಿ. ಅಪರೂಪಕ್ಕೆ ತೀವ್ರ ಅಲರ್ಜಿಯೂ ಆಗುವುದುಂಟು. ಮಗು ಮಾತ್ರ ಆಚೆ ಜಗಲಿಯಲ್ಲಿ ಕುಂಟೆಬಿಲ್ಲೆ ಆಡುತ್ತಿತ್ತು.

ತಾತನ ಭಯವನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅವರ ತಂಗಿಗೆ ಹತ್ತು ಹನ್ನೆರಡನೇ ವಯಸ್ಸಿನಲ್ಲಿ ಕೀಲು ಊದಿಕೊಂಡು ಜ್ವರ ಬಂದಿತ್ತು, ಚೊಚ್ಚಲ ಬಸುರಿನಲ್ಲಿ ಏದುಸಿರು ಶುರುವಾದಾಗಲೇ ಹೃದಯದ ಕವಾಟ ಕಿರಿದಾಗಿರುವುದು ತಿಳಿದದ್ದು. ರುಮ್ಯಾಟಿಕ್ ಜ್ವರ ಎಂದರೆ ಅದು. ಗಂಟಲಿಗೆ ಸ್ಟ್ರೆಪ್ ಬಂದು ಹೋಗಿ ಎರಡು ಮೂರು ವಾರಕ್ಕೆ, ಬ್ಯಾಕ್ಟೀರಿಯಾದ ಮೇಲೆ ಹೋರಾಡಲು ದೇಹ ಸಜ್ಜುಮಾಡಿದ ಪಡೆ ದಾರಿತಪ್ಪಿ ಕೀಲು, ಹೃದಯ, ಕೆಲವೊಮ್ಮೆ ಮಿದುಳಿನ ಮೇಲೂ ತಿರುಗಿಬೀಳುತ್ತದೆ. ಹೆಚ್ಚಾಗಿ 5ರಿಂದ 15 ವರ್ಷದವರಿಗೆ. ಶ್ರೀಮಂತ ದೇಶಗಳಲ್ಲಿ ಬಹುಮಟ್ಟಿಗೆ ಮರೆಯಾದ ಈ ಕಾಯಿಲೆ ನಮ್ಮ ದೇಶದಲ್ಲಿ ಇನ್ನೂ ಇದೆ. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಇದಕ್ಕೆಂದೇ ನಿರ್ಣಯ ಮಾಡಬೇಕಾಗಿ ಬಂತು. ಹಾಗಾಗಿ ಭಯ ಸರಿ. ಭಯಕ್ಕೆ ಹುಡುಕಿಕೊಂಡ ಉತ್ತರ ಸರಿಯಿಲ್ಲ ಎಂಬುದಷ್ಟೇ ನಮ್ಮ ವಾದ.

ಎಎಸ್‌ಒ ಎಂದರೇನು? ಸ್ಟ್ರೆಪ್ ಬ್ಯಾಕ್ಟೀರಿಯಾ ಬಿಡುವ ಒಂದು ವಿಷದ ವಿರುದ್ಧ ದೇಹ ತಯಾರಿಸುವ ಪ್ರತಿಕಾಯದ ಅಳತೆ. ಸೋಂಕು ಬಂದು ವಾರಕ್ಕೆ ಏರತೊಡಗುತ್ತದೆ, ಮೂರರಿಂದ ಆರನೇ ವಾರದಲ್ಲಿ ತುದಿ ಮುಟ್ಟುತ್ತದೆ, ಇಳಿಯಲು ತಿಂಗಳುಗಟ್ಟಲೆ ಬೇಕು. ನಾವು ಪರೀಕ್ಷೆ ಮಾಡಿಸಿದ್ದು ನಾಲ್ಕನೇ ವಾರದಲ್ಲಿ. ಏರದೆ ಇದ್ದಿದ್ದರೆ ಆಶ್ಚರ್ಯಪಡಬೇಕಿತ್ತು. ಮೇಲಾಗಿ ಶಾಲೆಗೆ ಹೋಗುವ ಮಕ್ಕಳಿಗೆ ಗಂಟಲು ಸೋಂಕು ಬರುತ್ತಲೇ ಇರುವುದರಿಂದ ಆರೋಗ್ಯವಾಗಿರುವ ಎಷ್ಟೋ ಮಕ್ಕಳಲ್ಲಿ ಈ ಸಂಖ್ಯೆ 200 ದಾಟಿಯೇ ಇರುತ್ತದೆ. ಲ್ಯಾಬಿನ ಕಾಗದದಲ್ಲಿರುವ ಆ ಗೆರೆ ಎಂಟು ವರ್ಷದವರಿಗೂ ಐವತ್ತು ವರ್ಷದವರಿಗೂ ಒಂದೇ.

ನಾವು ಆ ಇಂಜೆಕ್ಷನ್ ಕೊಡಿಸಲಿಲ್ಲ. ಬೆಂಗಳೂರಿಗೆ ಹೋಗಿ ಮಕ್ಕಳ ಹೃದ್ರೋಗ ತಜ್ಞರೊಬ್ಬರಿಗೆ ತೋರಿಸಿದೆವು. ಅವರು ಎದೆ ಆಲಿಸಿ, ಕೀಲುಗಳನ್ನು ಮಡಚಿ ನೋಡಿ, ಎಕೊ ಮಾಡಿ ಎಲ್ಲ ಸರಿಯಿದೆ ಎಂದರು. ರಿಪೋರ್ಟ್ ಮುಂದಿಟ್ಟಾಗ, "ಇವಳಿಗೆ ಹೋದ ತಿಂಗಳು ಸ್ಟ್ರೆಪ್ ಬಂದಿತ್ತು ಅಂತ ಈ ಕಾಗದ ಹೇಳ್ತಿದೆ. ಅದು ನಿಮಗೆ ಮೊದಲೇ ಗೊತ್ತಿತ್ತಲ್ಲ?" ಎಂದು ನಕ್ಕರು. ಈ ಸಂಖ್ಯೆ ನೋಡಿ ಔಷಧಿ ಕೊಡುವಂತಿಲ್ಲ, ಇದು ಇಳಿಯಿತೇ ಎಂದು ಮತ್ತೆ ಮತ್ತೆ ಪರೀಕ್ಷೆ ಮಾಡಿಸುವುದೂ ಬೇಡ ಎಂದರು.

ಆಮೇಲೆ ಓದಿ ನೋಡಿದರೆ ಇದು ಅವರೊಬ್ಬರ ಅಭಿಪ್ರಾಯವಲ್ಲ. ರುಮ್ಯಾಟಿಕ್ ಜ್ವರವನ್ನು ಗುರುತಿಸಲು ವೈದ್ಯರು ಬಳಸುವುದು 1944ರಲ್ಲಿ ಡಾ. ಡಕೆಟ್ ಜೋನ್ಸ್ ರೂಪಿಸಿದ ಲಕ್ಷಣಗಳ ಪಟ್ಟಿ. ಅಮೆರಿಕನ್ ಹಾರ್ಟ್ ಅಸೋಸಿಯೇಶನ್ ಅದನ್ನು 2015ರಲ್ಲಿ ಪರಿಷ್ಕರಿಸಿದೆ. ಕೀಲು ಬಾವು, ಹೃದಯದ ಉರಿಯೂತ, ತಡೆಯಲಾಗದ ಕೈಕಾಲು ಚಲನೆ ಮುಂತಾದವು ಮುಖ್ಯ ಲಕ್ಷಣಗಳು. ಎಎಸ್‌ಒ ಆ ಲಕ್ಷಣಗಳಲ್ಲಿ ಒಂದಲ್ಲ. ಲಕ್ಷಣ ಕಂಡ ಮಗುವಿಗೆ ಹಿಂದೆ ಸ್ಟ್ರೆಪ್ ಬಂದಿತ್ತೇ ಎಂಬುದಕ್ಕೆ ಸಾಕ್ಷಿ ಮಾತ್ರ. ಅಮೆರಿಕದ ಸೋಂಕುರೋಗ ತಜ್ಞರ ಸಂಘದ 2012ರ ಮಾರ್ಗಸೂಚಿಯೂ, ಗಂಟಲು ಸೋಂಕು ಪತ್ತೆಗೆ ಈ ಪರೀಕ್ಷೆ ಬೇಡ, ಇದು ತೋರಿಸುವುದು ಹಿಂದಿನದನ್ನು ಎನ್ನುತ್ತದೆ. ಔಷಧಿ ಮುಗಿದ ಮೇಲೆ ಎಲ್ಲ ಮಕ್ಕಳಿಗೂ ಗಂಟಲಿನ ಸ್ವಾಬ್ ಪರೀಕ್ಷೆಯನ್ನು ಮತ್ತೆ ಮಾಡುವ ಅಗತ್ಯವೂ ಇಲ್ಲ ಎನ್ನುತ್ತದೆ.

ಹಾಗಾದರೆ ಬ್ರಿಟನ್ನಿನ ವೈದ್ಯರೇ ಸರಿ, ಊರಿನವರು ತಪ್ಪು ಎಂದು ಇಲ್ಲಿಗೇ ಬರಹ ಮುಗಿಸಬಹುದಿತ್ತು. ಇಲ್ಲಿನ ನಮ್ಮ ಸ್ನೇಹಿತರ ಮನೆಯಲ್ಲಿ ನಡೆದದ್ದನ್ನು ನೋಡಿರದಿದ್ದರೆ.

ಅವರು ಹುಬ್ಬಳ್ಳಿಯಿಂದ ಬಂದು ಆಗಿನ್ನೂ ವರ್ಷವಾಗಿತ್ತು. ಹನ್ನೊಂದು ವರ್ಷದ ಮಗನಿಗೆ ಮೊಣಕಾಲು ಊದಿತು. ಎರಡು ದಿನಕ್ಕೆ ಅದು ಇಳಿದು ಇನ್ನೊಂದು ಕಾಲಿನ ಹರಡು ಊದಿತು, ಜೊತೆಗೆ ಜ್ವರ. ಮೊದಲ ಸಲ ಫುಟ್‌ಬಾಲ್ ಪೆಟ್ಟು, ಎರಡನೇ ಸಲ ವೈರಲ್ ಎಂದು ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರು. ಮೂರನೇ ಸಲ ತಾಯಿ ಪಟ್ಟುಹಿಡಿದು, ಒಂದು ತಿಂಗಳ ಹಿಂದೆ ಜೋರು ಗಂಟಲು ನೋವು ಬಂದಿತ್ತು, ಔಷಧಿ ಕೊಟ್ಟಿರಲಿಲ್ಲ ಎಂದು ಹೇಳಿದ ಮೇಲೆ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಎಎಸ್‌ಒ ಏರಿತ್ತು, ಉರಿಯೂತ ತೋರಿಸುವ ಸಿಆರ್‌ಪಿ ಏರಿತ್ತು, ಇಸಿಜಿಯಲ್ಲಿ ವ್ಯತ್ಯಾಸವಿತ್ತು, ಎಕೊದಲ್ಲಿ ಕವಾಟ ಸ್ವಲ್ಪ ಸೋರುತ್ತಿತ್ತು. ಇಂದು ಆ ಹುಡುಗನಿಗೆ ನಾಲ್ಕು ವಾರಕ್ಕೊಮ್ಮೆ ಅದೇ ಬೆಂಜಥೀನ್ ಪೆನಿಸಿಲಿನ್ ಕೊಡುತ್ತಾರೆ. ಅವನ ಹೃದಯ ಇನ್ನಷ್ಟು ಕೆಡದಂತೆ ಕಾಯುತ್ತಿರುವುದು ಆ ಸೂಜಿಯೇ. ನಮ್ಮ ಮಗಳಿಗೆ ಬೇಡವಾದ ಪರೀಕ್ಷೆ, ಬೇಡವಾದ ಸೂಜಿ, ಅವನಿಗೆ ಬೇಕಿತ್ತು, ಎರಡು ವಾರ ಮೊದಲೇ ಬೇಕಿತ್ತು.

ಇಲ್ಲಿನ ಜಿಪಿ ತಮ್ಮ ಇಡೀ ವೃತ್ತಿಯಲ್ಲಿ ಒಂದೂ ರುಮ್ಯಾಟಿಕ್ ಜ್ವರ ನೋಡದೆ ಇರಬಹುದು. ಅವರ ಮನಸ್ಸಿಗೆ ಅದು ಮೊದಲು ಹೊಳೆಯುವುದಿಲ್ಲ. ಕಾಯಿಲೆ ಹೆಚ್ಚಿರುವ ಪ್ರದೇಶದ ಮಕ್ಕಳಿಗೂ ಅಪರೂಪವಾಗಿರುವ ಪ್ರದೇಶದ ಮಕ್ಕಳಿಗೂ 2015ರ ಪರಿಷ್ಕರಣೆ ಬೇರೆ ಬೇರೆ ಅಳತೆಗೋಲು ಇಟ್ಟಿದೆ. ನಮ್ಮ ಮಕ್ಕಳು ಎರಡೂ ಕಡೆ ಓಡಾಡುವವರು. ಊರಿನಿಂದ ಯಾವಾಗ ಬಂದೆವು, ಗಂಟಲು ನೋವು ಯಾವಾಗ ಬಂದಿತ್ತು, ಔಷಧಿ ಎಷ್ಟು ದಿನ ಕೊಟ್ಟೆವು ಎಂದು ಕೇಳದಿದ್ದರೂ ಹೇಳುವ ಕೆಲಸ ನಮ್ಮದೇ.

ವಾಸಿಯಾಗಿ ಆಡಿಕೊಂಡಿರುವ ಮಗುವಿನ ಪರೀಕ್ಷೆ ನಾರ್ಮಲ್ ಬಂದರೂ ಧೈರ್ಯಕ್ಕೆ ಆಧಾರವಿಲ್ಲ. ಖಚಿತವಾಗಿ ರುಮ್ಯಾಟಿಕ್ ಜ್ವರ ಬಂದ ಮಕ್ಕಳಲ್ಲೂ ಎಎಸ್‌ಒ ಏರಿರುವುದು ಸುಮಾರು ಶೇ 80ರಷ್ಟು ಮಂದಿಯಲ್ಲಿ. ಕೈಕಾಲು ತಾನಾಗಿ ಅಲುಗುವ, ಅಕ್ಷರ ಇದ್ದಕ್ಕಿದ್ದಂತೆ ಸೊಟ್ಟಗಾಗುವ, ಲೋಟ ಕೈಜಾರುವ ಕೊರಿಯಾ ಎಂಬ ಲಕ್ಷಣ ತಿಂಗಳುಗಳ ನಂತರ ಬರುವುದರಿಂದ ಅಷ್ಟರಲ್ಲಿ ಎಎಸ್‌ಒ ಇಳಿದೇ ಹೋಗಿರಬಹುದು. ಕಿಡ್ನಿಯ ಬಾಧೆಗಂತೂ ಮೊದಲು ನೋಡಬೇಕಾದದ್ದು ಮೂತ್ರವನ್ನು. ಗಂಟಲು ನೋವಿನ ಒಂದೆರಡು ವಾರದ ನಂತರ, ಚರ್ಮದ ಕಜ್ಜಿಯಾಗಿದ್ದರೆ ಇನ್ನೂ ತಡವಾಗಿ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಂಡರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಆಗ ರಕ್ತವನ್ನೂ ಬಿ.ಪಿ.ಯನ್ನೂ ಅವರೇ ನೋಡುತ್ತಾರೆ.

ತಾತನ ಲ್ಯಾಬ್ ದುಡ್ಡಿಗಿಂತ ಹೆಚ್ಚು ಕೆಲಸ ಮಾಡುವುದು ಆ 10 ದಿನದ ಬಾಟಲಿ. ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಪೆನಿಸಿಲಿನ್ ಆರಂಭಿಸಿದರೂ ರುಮ್ಯಾಟಿಕ್ ಜ್ವರ ತಡೆಯಬಹುದು. ಮೂರನೇ ದಿನ ಜ್ವರ ಬಿಟ್ಟ ಕೂಡಲೇ ಔಷಧಿ ನಿಲ್ಲಿಸಿ, ನಾಲ್ಕನೇ ವಾರ ರಕ್ತ ಪರೀಕ್ಷೆಗೆ ಓಡುವವರು ನಮ್ಮಲ್ಲೇ ಇದ್ದಾರೆ. 2022ರ ಡಿಸೆಂಬರಿನಲ್ಲಿ ಇಲ್ಲಿ ಸ್ಟ್ರೆಪ್‌ನಿಂದ ಮಕ್ಕಳು ಸತ್ತ ಸುದ್ದಿ ಬಂದು, ಪೆನಿಸಿಲಿನ್ ಸಿರಪ್‌ಗೆ ಔಷಧಿ ಅಂಗಡಿಯಿಂದ ಅಂಗಡಿಗೆ ಅಲೆದದ್ದು ನೆನಪಿರುವವರಿಗೆ ಆ ಬಾಟಲಿಯ ಬೆಲೆ ಗೊತ್ತು.

ಈಗ ಭಾನುವಾರದ ವಿಡಿಯೊ ಕರೆಯಲ್ಲಿ ತಾತ ಎಎಸ್‌ಒ ಎಷ್ಟಾಯಿತು ಎಂದು ಕೇಳುವುದಿಲ್ಲ. ಮಗಳನ್ನು ಕರೆದು ಮೆಟ್ಟಿಲು ಹತ್ತಿಳಿದು ತೋರಿಸು ಎನ್ನುತ್ತಾರೆ, ಮಂಡಿ ನೋವಿದೆಯಾ ಎಂದು ವಿಚಾರಿಸುತ್ತಾರೆ. ಅವಳು ಎರಡು ಸಲ ಹತ್ತಿಳಿದು, ಸಾಕಾ ತಾತ ಎಂದು ಕೇಳಿ ಆಟಕ್ಕೆ ಓಡುತ್ತಾಳೆ.