ಮಾಗಿಯ ಉಬ್ಬಸಕ್ಕೆ ಮಫ್ಲರ್ ಸಾಲದು

ಮಾಗಿಯ ಚಳಿ ಶುರುವಾದರೆ ಉಬ್ಬಸದವರಿರುವ ಮನೆಯಲ್ಲಿ ಮೊದಲು ಹೊರಬರುವುದು ಮಫ್ಲರ್, ಸ್ವೆಟರ್. ಅದಕ್ಕೆ ನನ್ನ ತಕರಾರಿಲ್ಲ. ತಣ್ಣನೆಯ ಒಣಗಾಳಿ ಶ್ವಾಸನಾಳವನ್ನು ಕೆರಳಿಸುವುದು ನಿಜ, ಮೂಗಿಗೆ ಸುತ್ತಿದ ಬಟ್ಟೆ ಅದನ್ನು ತುಸು ಬೆಚ್ಚಗಾಗಿಸುವುದೂ ನಿಜ. ಆದರೆ ಚಳಿ ಬರೀ ಕಿಡಿ. ಸರಿಯಾದ ಔಷಧಿ ಬೀಳದ ಉಬ್ಬಸದಲ್ಲಿ ಶ್ವಾಸನಾಳದ ಒಳಪದರ ಬೇಸಿಗೆಯಲ್ಲೂ ಊದಿಕೊಂಡೇ ಇರುತ್ತದೆ. ಅದರ ಮೇಲೆ ಶೀತದ ವೈರಸ್ಸು, ಬೆಳಿಗ್ಗೆ ಮೇಲೇಳದೆ ನೆಲಮಟ್ಟದಲ್ಲೇ ನಿಲ್ಲುವ ಹೊಗೆ, ಬಚ್ಚಲೊಲೆ, ಕಿಟಕಿ ಜಡಿದು ಹಚ್ಚುವ ಸೊಳ್ಳೆಬತ್ತಿ, ಅಟ್ಟದಿಂದ ಇಳಿಸಿ ಬಿಸಿಲು ತೋರಿಸದೆ ಹೊದೆಯುವ ಕಂಬಳಿ ಎಲ್ಲವೂ ಡಿಸೆಂಬರಿನಲ್ಲಿ ಒಟ್ಟಿಗೇ ಬೀಳುತ್ತವೆ. ಆ ಊತ ಇಳಿಸುವುದು ದಿನಾ ಎಳೆದುಕೊಳ್ಳಬೇಕಾದ ಸ್ಟೀರಾಯ್ಡ್ ಇನ್‌ಹೇಲರ್. ಸ್ವಲ್ಪ ಹಗುರಾದ ಕೂಡಲೇ ನಮ್ಮವರು ಬಿಟ್ಟುಬಿಡುವುದೂ ಅದನ್ನೇ.

ಬಿಡದೆ ಜೇಬಿನಲ್ಲಿಟ್ಟುಕೊಳ್ಳುವುದು ಸಾಲ್ಬುಟಮಾಲ್ ಪಂಪನ್ನು. ಅದು ನಾಲ್ಕೈದು ನಿಮಿಷದಲ್ಲಿ ದಮ್ಮು ಇಳಿಸುತ್ತದೆ, ಊತದ ತಂಟೆಗೆ ಹೋಗುವುದಿಲ್ಲ. ಇದೊಂದನ್ನೇ ನೆಚ್ಚಿಕೊಳ್ಳಬೇಡಿ ಎಂದು ಅಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿ 2019ರಲ್ಲೇ ಹೇಳಿತು. ಜಾಗತಿಕ ರೋಗಹೊರೆಯ ಅಂದಾಜಿನಂತೆ ಅದೇ ವರ್ಷ ವಿಶ್ವದ ಅಸ್ತಮಾ ರೋಗಿಗಳಲ್ಲಿ ಭಾರತದವರು ಶೇ 13ರಷ್ಟು. ಸಾವುಗಳಲ್ಲಿ ನಮ್ಮ ಪಾಲು ಶೇ 40ಕ್ಕೂ ಹೆಚ್ಚು. ಇಷ್ಟು ದೊಡ್ಡ ಅಂತರಕ್ಕೆ ಹವೆಯನ್ನು ದೂರಿ ಕೂರಲಾಗದು. ನಮಗಿಂತ ಎಷ್ಟೋ ಪಾಲು ಚಳಿಯ ದೇಶಗಳಲ್ಲಿ ಜನ ಹೀಗೆ ಸಾಯುತ್ತಿಲ್ಲ.

‘ಪಂಪ್ ಒಮ್ಮೆ ಹಿಡಿದರೆ ಬಿಡಲಾಗದು, ಅದರಲ್ಲೂ ಸ್ಟೀರಾಯ್ಡ್’ ಎಂಬ ಭಯ ಹಳೆಯದು. ಲೆಕ್ಕ ನೋಡಿ: ಇನ್‌ಹೇಲರಿನ ಒಂದು ಎಳೆತದಲ್ಲಿ ಸಾಮಾನ್ಯವಾಗಿ 100 ಅಥವಾ 200 ಮೈಕ್ರೋಗ್ರಾಂ ಬುಡೆಸೊನೈಡ್ ಎಂಬ ಸ್ಟೀರಾಯ್ಡ್. ಉಬ್ಬಸ ಉಲ್ಬಣಿಸಿದಾಗ ನುಂಗಿಸುವ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ 40 ಮಿಲಿಗ್ರಾಂ, ಅಂದರೆ 40,000 ಮೈಕ್ರೋಗ್ರಾಂ, ಅದೂ ಇಡೀ ಮೈಗೆ. ಎರಡೂ ಬೇರೆ ಔಷಧಿಗಳೆಂಬುದು ಸರಿ, ಆದರೂ ಸ್ಟೀರಾಯ್ಡಿಗೆ ಹೆದರಿ ಇನ್‌ಹೇಲರ್ ಬಿಟ್ಟವರೇ ಕಡೆಗೆ ಈ ಮಾತ್ರೆ ನುಂಗುತ್ತಾರೆ. ಇನ್‌ಹೇಲರಿನಿಂದ ಮಕ್ಕಳ ಎತ್ತರ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗಬಹುದು, ಮುಚ್ಚಿಡುವ ಸಂಗತಿಯಲ್ಲ. ಬಾಯಿಯ ಬಿಳಿ ಹುಣ್ಣಿಗೆ ಪ್ರತಿಸಲವೂ ಬಾಯಿ ಮುಕ್ಕಳಿಸಿದರೆ ಬಹುಪಾಲು ತಡೆಯಾಯಿತು. ತೂಕದ ಆಕ್ಷೇಪ ದುಡ್ಡಿನದು. ಪಂಪಿಗೂ ಬಾಯಿಗೂ ನಡುವೆ ಹಿಡಿಯುವ ಸ್ಪೇಸರ್ ಮಟ್ಟಿಗೆ ಅದಕ್ಕೂ ಉತ್ತರವಿದೆ: 500 ಮಿಲಿಲೀಟರ್ ಪ್ಲಾಸ್ಟಿಕ್ ಬಾಟಲಿಯ ತಳ ಕೊರೆದು, ಪಂಪಿನ ಮೂತಿ ತೂರಿಸಿ, ಸಂದಿಲ್ಲದಂತೆ ಅಂಟಿಸಿದರೆ ಅಂಗಡಿಯದರಷ್ಟೇ ಕೆಲಸ ಮಾಡುತ್ತದೆಂದು ದಕ್ಷಿಣ ಆಫ್ರಿಕಾದ ವೈದ್ಯರು 1999ರಲ್ಲೇ ತೋರಿಸಿದ್ದಾರೆ. ಔಷಧಿಯ ಬಾಬತ್ತು ಸರ್ಕಾರದ್ದು. ಬುಡೆಸೊನೈಡ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ನವೆಂಬರ್ ಹೊತ್ತಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಲ್ಲೂ ಇರಬೇಕು.